ಸಿಂಹ ನೋಡುವುದಕ್ಕೆ ಎಷ್ಟು ಖರ್ಚು?

ಆಫ್ರಿಕದ ಕಾಡನ್ನು ಒಮ್ಮೆ ನೋಡಿಬರಬೇಕೆಂಬ ಆಸೆ ನಿಮಗೂ ಎಂದಾದರೂ ಬಂದಿರಬಹುದು. ಬಂದ ಮರುಗಳಿಗೆಯಲ್ಲಿಯೇ “ಅದೆಲ್ಲ ನಮ್ಮಂಥವರಿಗಲ್ಲ” ಎಂದು ನೀವೇ ಅದನ್ನು ಅಟ್ಟಕ್ಕೆ ಹಾಕಿರಲೂಬಹುದು. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಪ್ರವಾಸದ ಕಂಪನಿಗಳವರು ಹಂಚುವ ಬಣ್ಣದ ಹಾಳೆಗಳಲ್ಲಿ ಬೆಳ್ಳಗಿನ ಹಾಸಿಗೆಯ ಡೇರೆ, ಅದರ ಮುಂದೆ ಬಟ್ಟಲು ಹಿಡಿದು ಕುಳಿತ ದಂಪತಿಗಳು, ದೂರದಲ್ಲಿ ಒಂದು ಆನೆ, ಕೆಳಗೆ ಡಾಲರಿನಲ್ಲಿ ಬೆಲೆ. ಆ ಅಂಕೆಯನ್ನು ರೂಪಾಯಿಗೆ ಗುಣಿಸಿ ನೋಡಿದ ಗೃಹಸ್ಥನಿಗೆ ಮಗಳ ಮದುವೆಯ ಲೆಕ್ಕ ನೆನಪಾದರೆ ಆಶ್ಚರ್ಯವಿಲ್ಲ.

ಆದರೆ ಹಾಳೆಯಲ್ಲಿ ಕಾಣುವ ಆ ಬೆಲೆ ಆನೆಯದಲ್ಲ, ಹಾಸಿಗೆಯದು. ಇದನ್ನು ಬೇರ್ಪಡಿಸಿ ನೋಡಲು ಕಲಿತರೆ ಅರ್ಧ ದಾರಿ ನಡೆದಂತೆ. ಉಳಿದರ್ಧವನ್ನು ಹೇಳುವುದೇ ಈ ಲೇಖನದ ಕೆಲಸ. ಸಂಬಳದವರಾದ ನಾವು ನಾಲ್ವರು, ಎಂದರೆ ನಾನು, ನನ್ನ ಮನೆಯಾಕೆ, ಭಾವಮೈದುನ, ಅವನ ಹೆಂಡತಿ, ೨೦೨೩ರ ಜೂನ್ ತಿಂಗಳಲ್ಲಿ ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಎಂಟು ರಾತ್ರಿ ಕಳೆದು ಬಂದೆವು. ಮೂರು ವರ್ಷ ಕೂಡಿಟ್ಟ ಹಣ. ಅದನ್ನು ಕಳೆದುಕೊಂಡು ಕೈಬೀಸಿ ಬರುವಂತಾದರೆ ಏನು ಗತಿ ಎಂಬ ಭಯ ನಮಗೂ ಇತ್ತು. ಆದ್ದರಿಂದ ಹೇಳುವುದನ್ನು ಲೆಕ್ಕ ಹಾಕಿಯೇ ಹೇಳುತ್ತೇನೆ.

ಮೊದಲು ‘ಸಫಾರಿ’ ಎಂಬ ಮಾತು. ಇದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯದು. ಅರಬ್ಬಿಯ ಮೂಲದಿಂದ ಬಂದದ್ದು, ನಾವು ಕೇಳಿಬಲ್ಲ ‘ಸಫರ್’ ಎಂಬ ಮಾತಿನ ದಾಯಾದಿ. ಅರ್ಥ ‘ಪ್ರಯಾಣ’, ಅಷ್ಟೆ. ಮೊಂಬಾಸಾದಲ್ಲಿರುವ ಅಣ್ಣನನ್ನು ನೋಡಲು ಬಸ್ಸು ಹತ್ತುವವನೂ ಅಲ್ಲಿ ಸಫಾರಿಗೇ ಹೊರಟಿರುತ್ತಾನೆ. ಬೇಟೆಗಾರರ ಕೈಗೆ ಸಿಕ್ಕಿ ಆ ಮಾತಿಗೆ ಕೋವಿ ಬಂತು, ಪ್ರವಾಸಿಗಳ ಕೈಗೆ ಸಿಕ್ಕಿ ಕ್ಯಾಮರಾ ಬಂತು.

ಸಫಾರಿ ಎಂದೊಡನೆ ಎಲ್ಲರ ಬಾಯಲ್ಲಿಯೂ ಬರುವ ಹೆಸರು ಕೀನ್ಯಾದ ಮಸಾಯಿ ಮಾರಾ. ಅದರ ವೈಭವವನ್ನು ನಾನು ಅಲ್ಲಗಳೆಯುವುದಿಲ್ಲ. ಜುಲೈಯಿಂದ ಅಕ್ಟೋಬರ್‌ವರೆಗೆ ವಿಲ್ಡಬೀಸ್ಟ್ ಎಂಬ ಗಡ್ಡದ ಮೃಗಗಳು ಲಕ್ಷಗಟ್ಟಲೆ ಸೆರೆಂಗೆಟಿಯಿಂದ ಅಲ್ಲಿಗೆ ಬಂದು ಹೋಗುವ ಹಾಗೆ ಭೂಮಿಯ ಮೇಲೆ ಬೇರೆಲ್ಲಿಯೂ ಇಲ್ಲ. ಆದರೆ ೨೦೨೪ರಲ್ಲಿ ಅಲ್ಲಿಯ ಪ್ರವೇಶಧನ ಏರಿತು: ಹೊರದೇಶದ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ ೧೦೦ ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ ೨೦೦ ಡಾಲರ್. ಗಂಡಹೆಂಡಿರಿಬ್ಬರು ಆ ದೊಡ್ಡ ವಲಸೆಯ ಕಾಲದಲ್ಲಿ ಮೂರು ದಿನ ಇದ್ದರೆ ಬಾಗಿಲಲ್ಲಿ ಕೊಡುವುದೇ ಒಂದು ಲಕ್ಷ ರೂಪಾಯಿಗೆ ಮೇಲಾಯಿತು. ಊಟ, ಹಾಸಿಗೆ, ವಾಹನ ಯಾವುದೂ ಇದರಲ್ಲಿ ಸೇರಿಲ್ಲ. ಅಲ್ಲಿಗೇ ಹೋಗಬೇಕೆಂಬ ಹಟವಿದ್ದರೆ ವರ್ಷದ ಮೊದಲರ್ಧದಲ್ಲಿ ಹೋಗಿ. ನೈರೋಬಿಯಿಂದ ಏಳೆಂಟು ಮಂದಿ ಸೇರಿ ಹೊರಡುವ, ಮೇಲ್ಛಾವಣಿ ಎತ್ತುವ ವ್ಯಾನಿನಲ್ಲಿ ಒಂದು ಸ್ಥಳ ಹಿಡಿಯಿರಿ. ಹಾಸಿಗೆ ಮೀಸಲು ಪ್ರದೇಶದ ಹೊರಗಿರಲಿ. ಅಷ್ಟಕ್ಕೇ ಖರ್ಚು ಬಹಳ ಇಳಿಯುತ್ತದೆ.

ಕ್ರೂಗರಿನ ಲೆಕ್ಕವೇ ಬೇರೆ. ೨೦೨೪ರ ನವೆಂಬರಿನಿಂದ ಒಂದು ವರ್ಷದ ಅವಧಿಗೆ ಅಲ್ಲಿ ಹೊರದೇಶದವರ ದಿನದ ಶುಲ್ಕ ೫೩೫ ರ‍್ಯಾಂಡ್ ಇತ್ತು. ರ‍್ಯಾಂಡಿಗೆ ಸುಮಾರು ಐದು ರೂಪಾಯಿಯೆಂದು ಹಿಡಿದರೆ ಎರಡು ಸಾವಿರದ ಏಳುನೂರರ ಒಳಗೆ. ಪ್ರತಿ ನವೆಂಬರಿನಲ್ಲಿಯೂ ಅದನ್ನು ಅಷ್ಟಿಷ್ಟು ಏರಿಸುತ್ತಾರೆ. ನೀವು ಹೋಗುವಾಗಿನ ದರವನ್ನು ವಿಚಾರಿಸಿಕೊಳ್ಳಿ. ಏರಿದರೂ ಮಾರಾದ ಹತ್ತಿರಕ್ಕೆ ಬರುವುದಿಲ್ಲ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಅರ್ಧ. ವಾರಕ್ಕೂ ಮೀರಿ ಉಳಿಯುವವರು ‘ವೈಲ್ಡ್ ಕಾರ್ಡ್’ ಎಂಬ ವರ್ಷದ ಚೀಟಿಯ ಬೆಲೆಯನ್ನೂ ಕೇಳಿ ಹೋಲಿಸಿ ನೋಡಬೇಕು. ಸಂಸಾರಸಮೇತ ಹೋಗುವವರಿಗೆ ಅದರಲ್ಲಿ ಉಳಿತಾಯವಾಗುವುದುಂಟು.

ಶುಲ್ಕ ಕಡಿಮೆ ಎಂಬುದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಕ್ರೂಗರಿನಲ್ಲಿ ನಿಮ್ಮ ಕಾರನ್ನು ನೀವೇ ಓಡಿಸಿಕೊಂಡು ಕಾಡಿನೊಳಗೆ ಹೋಗಬಹುದು! ಬಂಡೀಪುರದಲ್ಲಿಯೋ ನಾಗರಹೊಳೆಯಲ್ಲಿಯೋ ಸಫಾರಿಗೆ ಹೋದವರಿಗೆ ಇದು ನಂಬಲಾಗದ ಮಾತು. ಅಲ್ಲಿ ನಾವು ಇಲಾಖೆಯವರು ಕೊಟ್ಟ ವಾಹನವನ್ನೇ ಹತ್ತಿ, ಅವರು ಕರೆದೊಯ್ದ ಕಡೆ ಹೋಗಿ, ಅವರು ಹೇಳಿದ ಹೊತ್ತಿಗೆ ಹಿಂತಿರುಗಬೇಕು. ಇಲ್ಲಿ ಮಾರ್ಗದರ್ಶಿಯಿಲ್ಲ, ಚಾಲಕನಿಲ್ಲ, ಆದ್ದರಿಂದ ಅವರ ಸಂಬಳವೂ ಇಲ್ಲ. ಡಾಂಬರು ರಸ್ತೆಗಳಿವೆ, ಜಲ್ಲಿ ರಸ್ತೆಗಳಿವೆ. ಬಾಡಿಗೆಗೆ ಸಿಗುವ ಅತಿ ಸಣ್ಣ ಕಾರೇ ಸಾಕು. ಆ ದೇಶದಲ್ಲಿಯೂ ವಾಹನಗಳು ನಮ್ಮಂತೆ ರಸ್ತೆಯ ಎಡಕ್ಕೇ ಓಡುತ್ತವೆಯಾದ್ದರಿಂದ ನಮ್ಮವರಿಗೆ ಕೈ ತಪ್ಪುವುದಿಲ್ಲ.

ಹೀಗೊಂದು ವ್ಯವಸ್ಥೆ ಹೇಗೆ ಬಂತೆಂದು ತಿಳಿದಿದ್ದರೆ ಅಲ್ಲಿ ಕಾಣುವುದಕ್ಕೆ ಹೆಚ್ಚಿನ ಅರ್ಥ ಬರುತ್ತದೆ. ಟ್ರಾನ್ಸ್‌ವಾಲಿನ ಅಧ್ಯಕ್ಷ ಪಾಲ್ ಕ್ರೂಗರನ ಸರ್ಕಾರ ೧೮೯೮ರಲ್ಲಿ ಸಾಬಿ ಎಂಬ ಮೀಸಲು ಕಾಡನ್ನು ಘೋಷಿಸಿತು. ೧೯೦೨ರಲ್ಲಿ ಜೇಮ್ಸ್ ಸ್ಟೀವನ್‌ಸನ್ ಹ್ಯಾಮಿಲ್ಟನ್ ಎಂಬಾತ ಅದರ ಪಾಲಕನಾಗಿ ಬಂದು ೧೯೪೬ರವರೆಗೆ ಇದ್ದ. ೧೯೨೬ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಮರುವರ್ಷ ಪ್ರವಾಸಿಗಳಿಗೆ ಬಾಗಿಲು ತೆರೆದಾಗ ಆ ವರ್ಷವೆಲ್ಲ ಒಳಗೆ ಬಂದ ಮೋಟಾರುಗಳು ಮೂರೇ ಮೂರು. ಮುಂದೆ ಮಧ್ಯಮ ವರ್ಗದ ಕುಟುಂಬಗಳು ತಮ್ಮ ಕಾರಿನಲ್ಲಿ ಬಂದು, ಹುಲ್ಲು ಹೊದಿಸಿದ ದುಂಡು ಗುಡಿಸಲುಗಳಲ್ಲಿ ತಂಗಿ, ತಾವೇ ಅಡಿಗೆ ಮಾಡಿಕೊಂಡು ಹೋಗಲೆಂದು ತಂಗುದಾಣಗಳು ಎದ್ದವು. ಇಂದಿನ ಅಗ್ಗದ ಸಫಾರಿ ಆ ಏರ್ಪಾಡಿನ ಮೇಲೆಯೇ ನಿಂತಿದೆ.

ಆದರೆ ಆ ‘ಮಧ್ಯಮ ವರ್ಗ’ ಬಿಳಿಯರದು. ಅವರಲ್ಲದವರಿಗೆ ಬಹುಕಾಲ ಬಲೂಲೆ ಎಂಬ ಸಣ್ಣ ತಂಗುದಾಣವೊಂದೇ ಗತಿಯಾಗಿತ್ತು. ಆರು ಗುಡಿಸಲು, ವಿದ್ಯುತ್ತಿಲ್ಲ. ಅದು ಈಗಲೂ ಇದೆ, ಈಗ ಯಾರು ಬೇಕಾದರೂ ಅಲ್ಲಿ ತಂಗಬಹುದು. ಮುಖ್ಯ ತಂಗುದಾಣಕ್ಕೆ ಸ್ಕುಕುಜಾ ಎಂದು ಹೆಸರು. ಅದು ಹ್ಯಾಮಿಲ್ಟನ್ನನಿಗೆ ಸ್ಥಳೀಯರು ಇಟ್ಟ ಅಡ್ಡಹೆಸರು. ‘ಗುಡಿಸಿ ಹಾಕುವವನು’ ಎಂಬರ್ಥ ಹೇಳುತ್ತಾರೆ. ಆತ ಕಳ್ಳಬೇಟೆಯನ್ನು ಗುಡಿಸಿದ್ದು ನಿಜ. ಅಲ್ಲಿ ವಾಸವಾಗಿದ್ದ ಜನರನ್ನು ಹೊರಕ್ಕೆ ಕಳಿಸಿದ್ದೂ ನಿಜ. ಉತ್ತರದ ತುದಿಯಲ್ಲಿ, ಲಿಂಪೋಪೋ ಮತ್ತು ಲುವುವ್ಹು ನದಿಗಳ ನಡುವೆ ಇದ್ದ ಮಾಕುಲೆಕೆ ಜನರನ್ನು ೧೯೬೯ರಲ್ಲಿ ಒಕ್ಕಲೆಬ್ಬಿಸಿದರು. ೧೯೯೮ರಲ್ಲಿ ಆ ಭೂಮಿ ಅವರಿಗೆ ಮರಳಿ ಬಂತು. ಅವರು ಉಳುವುದಕ್ಕೆ ಇಳಿಯಲಿಲ್ಲ. ಕಾಡನ್ನು ಕಾಡಾಗಿಯೇ ಇಟ್ಟು ಪ್ರವಾಸಿಗಳಿಂದ ಆದಾಯ ಮಾಡಿಕೊಳ್ಳುವ ಒಪ್ಪಂದಕ್ಕೆ ಬಂದರು.

ನಮಗೂ ಇದರಲ್ಲಿ ಒಂದು ಎಳೆ ಇದೆ. ಆ ದೇಶದ ವರ್ಣನೀತಿಯನ್ನು ಪ್ರತಿಭಟಿಸಿ ಭಾರತ ೧೯೪೬ರಲ್ಲಿಯೇ ಅದರೊಡನೆ ವ್ಯಾಪಾರವನ್ನು ಕಡಿದುಕೊಂಡಿತು. ಆಮೇಲೆ ಬಹುಕಾಲ ನಮ್ಮ ಪಾಸ್‌ಪೋರ್ಟು ಅಲ್ಲಿಗೆ ಸಲ್ಲುತ್ತಿರಲಿಲ್ಲ. ಸಂಬಂಧ ಮರಳಿ ಕೂಡಿದ್ದು ೧೯೯೩ರಲ್ಲಿ. ನನ್ನ ತಂದೆಯವರಿಗೆ ಎಷ್ಟೇ ಹಣವಿದ್ದರೂ ಸ್ಕುಕುಜಾದಲ್ಲಿ ಒಂದು ರಾತ್ರಿ ಮಲಗುವುದು ಸಾಧ್ಯವಿರಲಿಲ್ಲ.

ಇನ್ನು ವ್ಯವಹಾರಕ್ಕೆ ಬರೋಣ. ಬೆಂಗಳೂರಿನಿಂದ ಜೋಹಾನ್ಸ್‌ಬರ್ಗಿಗೆ ನೇರ ವಿಮಾನವಿಲ್ಲ. ದುಬೈ, ದೋಹಾ, ಅಡಿಸ್ ಅಬಾಬ ಮುಂತಾದ ಕಡೆ ಬದಲಾಯಿಸಬೇಕು. ವಿಮಾನದ ಟಿಕೆಟ್ಟೇ ಖರ್ಚಿನ ದೊಡ್ಡ ಪಾಲು, ಅದನ್ನು ಕಡಿಮೆ ಮಾಡಲು ಮುಂಚಿತವಾಗಿ ಕೊಳ್ಳುವುದೊಂದೇ ಉಪಾಯ. ಜೋಹಾನ್ಸ್‌ಬರ್ಗಿನಿಂದ ಕಾಡಿನ ದಕ್ಷಿಣದ ಬಾಗಿಲುಗಳಿಗೆ ಸುಮಾರು ನಾನೂರು ಕಿಲೋಮೀಟರು, ಒಳ್ಳೆಯ ಹೆದ್ದಾರಿ, ಐದು ಗಂಟೆಯ ದಾರಿ. ವಿಮಾನ ನಿಲ್ದಾಣದಲ್ಲಿಯೇ ಕಾರು ಬಾಡಿಗೆಗೆ ದೊರೆಯುತ್ತದೆ. ಓಡಿಸುವವರ ಹೆಸರಿನಲ್ಲಿಯೇ ಕ್ರೆಡಿಟ್ ಕಾರ್ಡು ಇರಬೇಕೆಂದು ಕೇಳುತ್ತಾರೆ. ಒಂದಿಷ್ಟು ಮೊತ್ತವನ್ನು ಅದರ ಮೇಲೆ ತಡೆಹಿಡಿಯುತ್ತಾರೆ. ನಮ್ಮ ಕಾರ್ಡು ಒಬ್ಬರ ಹೆಸರಿನಲ್ಲಿ, ಓಡಿಸುವ ಹುರುಪು ಇನ್ನೊಬ್ಬರಿಗೆ. ಆ ಮೇಜಿನ ಮುಂದೆ ಒಂದು ಗಂಟೆ ನಿಂತೆವು. ನಮ್ಮ ಚಾಲನಾ ಪರವಾನಗಿ ಇಂಗ್ಲಿಷಿನಲ್ಲಿದೆಯಾದ್ದರಿಂದ ಅಡ್ಡಿಯಿಲ್ಲ. ಆದರೂ ಹೊರಡುವ ಮುನ್ನ ನಮ್ಮ ಸಾರಿಗೆ ಕಚೇರಿಯಿಂದ ಅಂತರರಾಷ್ಟ್ರೀಯ ಪರವಾನಗಿಯನ್ನೂ ಪಡೆದುಕೊಳ್ಳುವುದು ಕ್ಷೇಮ.

ಕಾರಿನಲ್ಲಿ ನಾಲ್ವರಿದ್ದರೆ ಬಾಡಿಗೆಯೂ ಪೆಟ್ರೋಲೂ ನಾಲ್ಕು ಪಾಲು. ಇಬ್ಬರೇ ಹೋಗುವವರಿಗೆ ಈ ಅನುಕೂಲವಿಲ್ಲ. ಐವರು ಬೇಡ, ಹಿಂದಿನ ಸೀಟಿನಲ್ಲಿ ನಡುವೆ ಸಿಕ್ಕಿಕೊಂಡವರಿಗೆ ಪ್ರಾಣಿ ಕಾಣುವುದಿಲ್ಲ, ಪಕ್ಕದವರ ಭುಜ ಕಾಣುತ್ತದೆ.

ಕಾಡಿನೊಳಗೆ ತಂಗುದಾಣಗಳು ಹತ್ತಕ್ಕೂ ಹೆಚ್ಚು: ಸ್ಕುಕುಜಾ, ಲೋಯರ್ ಸಾಬಿ, ಸಟಾರಾ, ಒಲಿಫಾಂಟ್ಸ್, ಲೆಟಾಬಾ ಮೊದಲಾದವು. ಪ್ರತಿಯೊಂದಕ್ಕೂ ಬೇಲಿಯುಂಟು, ಪ್ರಾಣಿಗಳು ಹೊರಗೆ, ನಾವು ಒಳಗೆ. ಅತ್ಯಂತ ಅಗ್ಗದ್ದು ಗುಡಾರ ಹಾಕುವ ಜಾಗ. ಆಮೇಲೆ ಸಾಮೂಹಿಕ ಬಚ್ಚಲಿರುವ ಸಾದಾ ಗುಡಿಸಲು, ಅದರ ಮೇಲೆ ಸ್ವಂತ ಬಚ್ಚಲು, ಶೀತಪೆಟ್ಟಿಗೆಯುಳ್ಳ ಕೊಠಡಿ. ಸಾಮೂಹಿಕ ಅಡಿಗೆಮನೆಯಲ್ಲಿ ಒಲೆಯೂ ಬಿಸಿನೀರೂ ಸದಾ ಸಿಗುತ್ತವೆ. ಇವನ್ನು ಉದ್ಯಾನದ ಆಡಳಿತದವರೇ ನಡೆಸುತ್ತಾರೆ. ಹನ್ನೊಂದು ತಿಂಗಳು ಮುಂಚಿನಿಂದಲೇ ಕಾದಿರಿಸಬಹುದು. ಅಲ್ಲಿಯ ಶಾಲಾ ರಜೆಯ ದಿನಗಳಲ್ಲಿ ಅಗ್ಗದ ಕೊಠಡಿಗಳೇ ಮೊದಲು ಹೋಗುತ್ತವೆ. ಇಲ್ಲಿ ತಡಮಾಡಿದರೆ ಉಳಿಸಿದ್ದೆಲ್ಲ ಹೋಯಿತು.

ಊಟದ ಚಿಂತೆ ನಮ್ಮವರಿಗೆ ದೊಡ್ಡದು. ಸಸ್ಯಾಹಾರಿಗಳಿಗಂತೂ ಹೇಳುವುದೇ ಬೇಡ. ತಂಗುದಾಣದ ಹೋಟೆಲುಗಳಲ್ಲಿ ಮಾಂಸವೇ ಮುಖ್ಯ. ಮನೆಯಿಂದ ಬೀಜ, ಕಾಳು, ಹಾಲಿನ ಪದಾರ್ಥ ಕಟ್ಟಿಕೊಂಡು ಹೋದರೆ ಸುಂಕದವರ ಮುಂದೆ ಉತ್ತರ ಹೇಳಬೇಕಾದೀತು. ಜೋಹಾನ್ಸ್‌ಬರ್ಗಿನಲ್ಲಿ ಫೋರ್ಡ್ಸ್‌ಬರ್ಗ್ ಎಂಬುದು ಭಾರತೀಯರು ತಲೆಮಾರುಗಳಿಂದ ನೆಲೆಸಿರುವ ಪೇಟೆ. ಅಕ್ಕಿ, ಬೇಳೆ, ಮೆಣಸಿನಪುಡಿ ಎಲ್ಲವೂ ಅಲ್ಲಿ ದೊರೆಯುತ್ತವೆ. ನಾವು ಅಲ್ಲಿಯೇ ಕೊಂಡೆವು. ಸಟಾರಾದ ಅಡಿಗೆಮನೆಯಲ್ಲಿ ನಮ್ಮ ಮನೆಯಾಕೆ ಒಗ್ಗರಣೆ ಹಾಕಿದಾಗ ಪಕ್ಕದ ಒಲೆಯಲ್ಲಿ ಹಾಲು ಕಾಯಿಸುತ್ತಿದ್ದ ಡರ್ಬನ್ನಿನ ಅಜ್ಜಿಯೊಬ್ಬರು ತಿರುಗಿ ನೋಡಿ ನಕ್ಕರು. ಆಮೇಲೆ ಸಾರಿನ ಪಾತ್ರೆ ಆ ಕಡೆಗೂ ಹೋಯಿತು, ಆ ಕಡೆಯ ಉಪ್ಪಿನಕಾಯಿ ಈ ಕಡೆಗೂ ಬಂತು. ಒಂದು ಎಚ್ಚರಿಕೆ: ಬಬೂನ್ ಎಂಬ ದೊಡ್ಡ ಕೋತಿಗಳ ಮುಂದೆ ನಮ್ಮ ಚಾಮುಂಡಿ ಬೆಟ್ಟದವು ಸಾಧುಗಳು. ಜಗುಲಿಯಲ್ಲಿಟ್ಟ ಬ್ರೆಡ್ಡು ಕಣ್ಣು ಮಿಟುಕಿಸುವಷ್ಟರಲ್ಲಿ ಮರದ ಮೇಲಿರುತ್ತದೆ.

ಯಾವಾಗ ಹೋಗಬೇಕು? ಮೇಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಚಳಿಗಾಲ, ಮಳೆಯಿಲ್ಲದ ಕಾಲ. ಹುಲ್ಲು ಒಣಗಿ ಕುಗ್ಗಿರುತ್ತದೆ, ಎಲೆ ಉದುರಿರುತ್ತದೆ, ಹೊಂಡಗಳು ಬತ್ತಿ ಉಳಿದ ನೀರಿನ ಹತ್ತಿರಕ್ಕೆ ಪ್ರಾಣಿಗಳೇ ನಡೆದು ಬರುತ್ತವೆ. ಸೊಳ್ಳೆಯೂ ಕಡಿಮೆ. ಅದು ಮಲೇರಿಯ ಇರುವ ಸೀಮೆ. ಯಾವ ಕಾಲದಲ್ಲಿ ಹೋದರೂ ವೈದ್ಯರನ್ನು ಕೇಳಿ ಮಾತ್ರೆಯ ವಿಚಾರ ನಿರ್ಧರಿಸಬೇಕು. ನಮ್ಮ ಬೇಸಗೆ ರಜೆಯ ಮೇ ತಿಂಗಳೂ ಒಳ್ಳೆಯದೇ, ದಸರಾ ರಜೆಯೂ ಒಳ್ಳೆಯದೇ. ಎರಡನೆಯದರಲ್ಲಿ ಸೆಕೆ ಹೆಚ್ಚು, ನೀರಿನ ಹತ್ತಿರ ಗುಂಪೂ ಹೆಚ್ಚು. ನವೆಂಬರಿನಿಂದ ಮಾರ್ಚ್‌ವರೆಗೆ ಮಳೆಗಾಲ: ಕಾಡು ಹಚ್ಚಗಿದ್ದು ಮರಿಗಳೂ ಹಕ್ಕಿಗಳೂ ತುಂಬಿರುತ್ತವೆ, ಆದರೆ ಹುಲ್ಲಿನಲ್ಲಿ ಸಿಂಹ ಹತ್ತು ಅಡಿ ದೂರ ಮಲಗಿದ್ದರೂ ಕಾಣದು. ಜೂನಿನ ಬೆಳಗಿನ ಚಳಿಯನ್ನು ಹಗುರವಾಗಿ ಎಣಿಸಬೇಡಿ. ಆಫ್ರಿಕ ಎಂದರೆ ಬಿಸಿಲು ಎಂದು ನಂಬಿ ಹೋದ ನನ್ನ ಭಾವಮೈದುನ ಮೊದಲ ದಿನವೇ ಅಂಗಡಿಯಲ್ಲಿ ದುಬಾರಿಯ ಸ್ವೆಟರು ಕೊಂಡ.

ಈಗ ನೋಡುವ ವಿಚಾರ. ಹಣ ಉಳಿಸಿದವನು ಇಲ್ಲಿ ಎಡವಿದರೆ ಉಳಿಸಿದ್ದೂ ವ್ಯರ್ಥ. ಸುಮಾರು ಮುನ್ನೂರೈವತ್ತು ಕಿಲೋಮೀಟರು ಉದ್ದ, ಹತ್ತೊಂಬತ್ತು ಸಾವಿರ ಚದರ ಕಿಲೋಮೀಟರಿಗೂ ಮೇಲ್ಪಟ್ಟ ವಿಸ್ತಾರ. ೧೪೭ ಜಾತಿಯ ಸಸ್ತನಿಗಳು, ಐನೂರಕ್ಕೂ ಹೆಚ್ಚು ಬಗೆಯ ಹಕ್ಕಿಗಳು. ಇದನ್ನೆಲ್ಲ ಓದಿಕೊಂಡು ಹೋದ ನಾವು ಮೊದಲ ದಿನ ಏನು ಮಾಡಿದೆವೆಂದರೆ, ಬೆಳಗಿನಿಂದ ಸಂಜೆಯವರೆಗೆ ಬರಿಯ ಓಡಿದೆವು. ಸಿಂಹ ಬೇಕು, ಸಿಂಹ! ಜಿಂಕೆ ಜಾತಿಯ ಇಂಪಾಲಾಗಳು ನೂರಾರು, ಜೀಬ್ರಾಗಳು, ರಸ್ತೆ ದಾಟುವ ಜಿರಾಫೆಗಳು, ಎಲ್ಲವನ್ನೂ “ಮುಂದೆ, ಮುಂದೆ” ಎಂದು ದಾಟಿಹೋದೆವು. ಸಿಂಹ ಸಿಕ್ಕಲಿಲ್ಲ. ರಾತ್ರಿ ನಾಲ್ವರೂ ಮಾತಿಲ್ಲದೆ ಅನ್ನ ತಿಂದೆವು. ತಲೆಗಿಷ್ಟು ಎಂದು ಖರ್ಚನ್ನು ಭಾಗಿಸಿ ನೋಡಿದ ಲೆಕ್ಕ ಎಲ್ಲರ ಮನಸ್ಸಿನಲ್ಲಿಯೂ ಇತ್ತು.

ರಸ್ತೆಯ ವೇಗದ ಮಿತಿ ಡಾಂಬರಿನ ಮೇಲೆ ಗಂಟೆಗೆ ೫೦, ಜಲ್ಲಿಯ ಮೇಲೆ ೪೦ ಕಿಲೋಮೀಟರು. ಅದು ಮಿತಿ, ಗುರಿಯಲ್ಲ. ನೋಡಬೇಕಾದರೆ ಇಪ್ಪತ್ತು, ಇಪ್ಪತ್ತೈದಕ್ಕೆ ಇಳಿಯಬೇಕು. ಅದಕ್ಕಿಂತ ಒಳ್ಳೆಯದು ನಿಲ್ಲುವುದು. ಲೋಯರ್ ಸಾಬಿಯ ಹತ್ತಿರ ಸನ್‌ಸೆಟ್ ಡ್ಯಾಂ ಎಂಬ ಸಣ್ಣ ಕೆರೆಯಿದೆ, ರಸ್ತೆಯ ಪಕ್ಕದಲ್ಲಿಯೇ. ಎರಡನೆಯ ದಿನ ಸೋತು ಅಲ್ಲಿ ಎಂಜಿನ್ ಆರಿಸಿ ಕುಳಿತೆವು. ನೀರಾನೆಗಳು ಮೂಗು ಮೇಲೆತ್ತಿ ಗೊರಗುಟ್ಟಿದವು. ಮೊಸಳೆಯೊಂದು ಮರದ ದಿಮ್ಮಿಯಂತೆ ಬಿದ್ದಿತ್ತು. ನೀರಾನೆಯ ಬೆನ್ನನ್ನೇ ಬಂಡೆಯೆಂದು ಬಗೆದು ಆಮೆಗಳು ಹತ್ತಿ ಬಿಸಿಲು ಕಾಯಿಸುತ್ತಿದ್ದವು. ಒಂದು ಗಂಟೆಯಾದ ಮೇಲೆ ನೀರು ಕುಡಿಯುತ್ತಿದ್ದ ಇಂಪಾಲಾಗಳೆಲ್ಲ ಒಟ್ಟಿಗೆ ತಲೆಯೆತ್ತಿ ಒಂದೇ ದಿಕ್ಕಿಗೆ ನೋಡಿದವು. ನಾವೂ ಅತ್ತ ನೋಡಿದೆವು. ಪೊದೆಯ ನೆರಳಿನಲ್ಲಿ ಎರಡು ಸಿಂಹಿಣಿಗಳು. ಅವು ಅಲ್ಲಿಗೆ ಯಾವಾಗ ಬಂದವೋ! ನಾವು ಹುಡುಕಬೇಕಾಗಿದ್ದದ್ದು ಸಿಂಹವನ್ನಲ್ಲ, ಸಿಂಹವನ್ನು ಕಂಡವರನ್ನು.

ಅಂದಿನಿಂದ ಜಿಂಕೆಗಳ ಕಿವಿ, ಕೋತಿಗಳ ಕೂಗು, ಮರದ ಮೇಲೆ ಇಳಿಯುವ ರಣಹದ್ದುಗಳು ನಮಗೆ ಸಂಬಳವಿಲ್ಲದ ಮಾರ್ಗದರ್ಶಿಗಳಾದವು. ಪ್ರತಿ ತಂಗುದಾಣದಲ್ಲಿಯೂ ಅಂದು ಯಾವ ಪ್ರಾಣಿ ಎಲ್ಲಿ ಕಂಡಿತೆಂದು ಬಣ್ಣದ ಗುರುತು ಹಚ್ಚುವ ನಕ್ಷೆಯ ಹಲಗೆಯುಂಟು. ಸಂಜೆ ಅದನ್ನು ನೋಡಿ ಮರುದಿನದ ದಾರಿ ಗೊತ್ತುಮಾಡಿಕೊಳ್ಳಿ. ಘೇಂಡಾಮೃಗದ ಗುರುತನ್ನು ಅಲ್ಲಿ ಹಾಕುವುದಿಲ್ಲ, ನೀವೂ ಹೇಳಬಾರದು. ಕೊಂಬಿಗಾಗಿ ನಡೆದ ಕಳ್ಳಬೇಟೆಯಿಂದ, ೨೦೧೦ರ ಸುಮಾರಿನಲ್ಲಿ ಹತ್ತು ಸಾವಿರ ಮೀರಿದ್ದ ಅವುಗಳ ಸಂಖ್ಯೆ ೨೦೨೦ರ ಹೊತ್ತಿಗೆ ನಾಲ್ಕು ಸಾವಿರಕ್ಕೂ ಕೆಳಗಿಳಿಯಿತು. ನಾವು ಕಂಡದ್ದು ಒಂದನ್ನು. ಎಲ್ಲಿ ಎಂದು ನಿಮಗೂ ಹೇಳುವುದಿಲ್ಲ.

ಎರಡು ನಿಯಮಗಳನ್ನು ಮುರಿಯಲೇಬಾರದು. ಗೊತ್ತುಪಡಿಸಿದ ಜಾಗಗಳನ್ನು ಬಿಟ್ಟು ಬೇರೆಲ್ಲಿಯೂ ಕಾರಿನಿಂದ ಇಳಿಯಬಾರದು, ಕಿಟಕಿಯಿಂದ ಮೈ ಹೊರಗೆ ಚಾಚಲೂಬಾರದು. ಇನ್ನು, ಬಾಗಿಲು ಮುಚ್ಚುವ ಹೊತ್ತಿಗೆ ತಂಗುದಾಣದೊಳಗೆ ಇರಬೇಕು. ಜೂನಿನಲ್ಲಿ ಅದು ಸಂಜೆ ಐದೂವರೆ. ನಾಲ್ಕನೆಯ ದಿನ ನಾವು ಲೆಕ್ಕ ಹಾಕಿದ್ದು ದೂರವನ್ನು ಮಾತ್ರ, ಆನೆಯನ್ನಲ್ಲ. ಹನ್ನೆರಡು ಕಿಲೋಮೀಟರು ಉಳಿದಿದ್ದಾಗ ಒಂಟಿ ಸಲಗವೊಂದು ರಸ್ತೆಯ ನಡುವೆ ನಿಂತಿತು. ನಮ್ಮ ಆನೆಗಿಂತ ಎತ್ತರ, ಕಿವಿ ಮೊರದಂತಲ್ಲ, ಚಾಪೆಯಂತೆ. ಕಿವಿಯ ಮುಂದೆ ಮದ ಒಸರುತ್ತಿತ್ತು. ಹಾರನ್ ಮಾಡುವುದು ಮೂರ್ಖತನ. ಮೆಲ್ಲಗೆ ಹಿಂದಕ್ಕೆ, ಇನ್ನಷ್ಟು ಹಿಂದಕ್ಕೆ, ಇಪ್ಪತ್ತೈದು ನಿಮಿಷ. ಅದು ದಾರಿ ಬಿಟ್ಟಾಗ ಕತ್ತಲಾಗುತ್ತಿತ್ತು. ಬಾಗಿಲಿನ ಕಾವಲುಗಾರ ದಂಡದ ಪುಸ್ತಕ ತೆಗೆದ. ಆನೆಯ ಕಥೆ ಹೇಳಿದೆವು. “ಆನೆ ಪ್ರತಿದಿನವೂ ಇರುತ್ತದೆ, ನೀವು ಅರ್ಧ ಗಂಟೆ ಮುಂಚೆ ಹೊರಡಬೇಕಿತ್ತು” ಎಂದ. ಸರಿಯಾದ ಮಾತು. ದಂಡ ತೆತ್ತೆವು, ನಮ್ಮ ಲೆಕ್ಕದ ಪುಸ್ತಕದಲ್ಲಿ ಅದು ‘ಆನೆ ವೆಚ್ಚ’ ಎಂದು ನಮೂದಾಗಿದೆ.

ಹಾಗಾದರೆ ದುಬಾರಿ ವಸತಿಗಳಲ್ಲಿ ಇರುವವರು ಹೆಚ್ಚು ಹಣಕ್ಕೆ ಏನು ಪಡೆಯುತ್ತಾರೆ? ಕ್ರೂಗರಿನ ಪಶ್ಚಿಮಕ್ಕೆ ತಗುಲಿಕೊಂಡು ಸಾಬಿ ಸ್ಯಾಂಡ್ ಎಂಬ ಖಾಸಗಿ ಕಾಡು ಇದೆ. ೧೯೯೩ರಲ್ಲಿ ನಡುವಿನ ಬೇಲಿಯನ್ನು ತೆಗೆದರು; ಅಂದಿನಿಂದ ಸಿಂಹ ಬೆಳಗ್ಗೆ ಈ ಕಡೆ, ಸಂಜೆ ಆ ಕಡೆ. ಆ ಕಡೆ ಒಂದು ರಾತ್ರಿಗೆ ನೂರಾರು ಡಾಲರು, ಕೆಲವೆಡೆ ಸಾವಿರ ದಾಟುತ್ತದೆ. ಅಲ್ಲಿ ನುರಿತ ಹೆಜ್ಜೆಗಾರರು ಜೊತೆಗಿರುತ್ತಾರೆ, ರಸ್ತೆ ಬಿಟ್ಟು ಪೊದೆಯೊಳಕ್ಕೂ ವಾಹನ ನುಗ್ಗುತ್ತದೆ, ಚಿರತೆ ಬಲು ಹತ್ತಿರದಲ್ಲಿ ಕಾಣುತ್ತದೆ. ಅದನ್ನು ಸುಳ್ಳೆನ್ನಲಾರೆ. ನಮಗೆ ಎಂಟು ದಿನದಲ್ಲಿ ಚಿರತೆಯ ಬಾಲ ಮಾತ್ರ ಕಂಡಿತು, ಅದೂ ಅರ್ಧ ನಿಮಿಷ. ಮಿಕ್ಕದ್ದರಲ್ಲಿ ಕೊರತೆ ಕಾಣಲಿಲ್ಲ.

ಒಂದು ಕಡೆ ಮಾತ್ರ ಜಿಪುಣತನ ಬೇಡ. ಉದ್ಯಾನದವರೇ ದೊಡ್ಡ ತೆರೆದ ಲಾರಿಯಲ್ಲಿ ರಾತ್ರಿಯ ಸವಾರಿ ಕರೆದೊಯ್ಯುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಕಾಡು ಹೇಗಿರುತ್ತದೆಂದು ನೋಡಲು ಬೇರೆ ದಾರಿಯಿಲ್ಲ. ಕತ್ತೆಕಿರುಬ, ಪುನುಗಿನ ಜಾತಿಯವು, ಮುಳ್ಳುಹಂದಿ, ದೀಪಕ್ಕೆ ಹೊಳೆಯುವ ನೂರು ಕಣ್ಣುಗಳು. ಕೋವಿ ಹಿಡಿದ ಇಬ್ಬರು ಕಾವಲಿನವರೊಡನೆ ಬೆಳಗಿನ ಹೊತ್ತು ಕಾಲ್ನಡಿಗೆಯೂ ಉಂಟು. ಎರಡರಲ್ಲೊಂದಕ್ಕಾದರೂ ಹಣ ತೆಗೆದಿಡಿ. ತಂಗುದಾಣಗಳನ್ನು ದಿನಕ್ಕೊಂದರಂತೆ ಬದಲಾಯಿಸುವ ಚಪಲವೂ ಬೇಡ. ಸ್ಕುಕುಜಾದಿಂದ ಸಟಾರಾಕ್ಕೆ ತೊಂಬತ್ತು ಕಿಲೋಮೀಟರು ಎಂದರೆ ಕಾಡಿನ ವೇಗದಲ್ಲಿ ನಾಲ್ಕು ಗಂಟೆ. ಪೆಟ್ಟಿಗೆ ಕಟ್ಟಿ ಬಿಚ್ಚುವುದರಲ್ಲಿಯೇ ಬೆಳಗಿನ ಒಳ್ಳೆಯ ಹೊತ್ತು ಹೋಗುತ್ತದೆ. ದಕ್ಷಿಣದಲ್ಲಿ ನದಿಯ ಬದಿಯದೊಂದು, ನಡುವೆ ಹುಲ್ಲುಗಾವಲಿನ ಸಟಾರಾ, ಸಾಧ್ಯವಾದರೆ ಬಂಡೆಯ ಮೇಲಿಂದ ನದಿಯನ್ನು ನೋಡುವ ಒಲಿಫಾಂಟ್ಸ್. ಮೂರಕ್ಕೆ ಮೀರಬೇಡಿ.

ರಾತ್ರಿ ಊಟವಾದ ಮೇಲೆ ದೀಪ ಆರಿಸಿ ಜಗುಲಿಯಲ್ಲಿ ಕುಳಿತುಕೊಳ್ಳಿ; ಇದಕ್ಕೆ ಯಾವ ಶುಲ್ಕವೂ ಇಲ್ಲ. ಸಿಂಹದ ಗರ್ಜನೆ ಎಂಟು ಕಿಲೋಮೀಟರಿನವರೆಗೂ ಕೇಳಿಸುತ್ತದೆ. ಸಿನಿಮಾದಲ್ಲಿ ಕೇಳುವ ಆರ್ಭಟವಲ್ಲ ಅದು. ಮೊದಲು ಒಂದೆರಡು ದೀರ್ಘ ನರಳು, ಆಮೇಲೆ ಕಡಿದು ಕಡಿದು ಬರುವ ಉಸಿರು, ಕೊನೆಗೆ ಗರಗಸ ಎಳೆದು ನಿಲ್ಲಿಸಿದಂತೆ ಮೌನ. ಬಹುದೂರದಿಂದ ಇನ್ನೊಂದು ಉತ್ತರ ಕೊಡುತ್ತದೆ. ರೇಡಿಯೋ ಕೇಳಿ ಬೆಳೆದ ನಮ್ಮಂಥವರಿಗೆ ಕಣ್ಣಿಗಿಂತ ಕಿವಿಯೇ ಪಳಗಿದ್ದು. ನನ್ನ ಮನೆಯಾಕೆ ಈಗಲೂ ನೆನೆಯುವುದು ಕೆರೆಯ ಸಿಂಹಿಣಿಗಳನ್ನಲ್ಲ, ಸಟಾರಾದಲ್ಲಿ ಕಾಣದೆ ಕೂಗಿದ್ದನ್ನು.

ಹೊರಡುವವರಿಗೆ ಕೊನೆಯ ಕೆಲವು ಮಾತು. ವೀಸಾ ಬೇಕು, ವಾರಗಟ್ಟಲೆ ಹಿಡಿಯಬಹುದು. ಪಾಸ್‌ಪೋರ್ಟಿನಲ್ಲಿ ಎರಡು ಪುಟ ಖಾಲಿಯಿರಲಿ, ಮಕ್ಕಳಿದ್ದರೆ ಅವರ ಜನನ ಪತ್ರವನ್ನು ಮರೆಯಬೇಡಿ. ದಕ್ಷಿಣ ಆಫ್ರಿಕದಲ್ಲಿ ಹಳದಿ ಜ್ವರದ ಭಯವಿಲ್ಲ. ಆದರೆ ಕೀನ್ಯಾ, ಇಥಿಯೋಪಿಯದಂಥ ದೇಶಗಳಲ್ಲಿ ಅದುಂಟು. ಅಲ್ಲಿ ಇಳಿದು ತಿರುಗಾಡಿ ಬರುವವರು, ವಿಮಾನ ಬದಲಾಯಿಸುವಾಗ ಅಲ್ಲಿ ಹನ್ನೆರಡು ಗಂಟೆಗೂ ಮೀರಿ ಇರುವವರು, ಲಸಿಕೆಯ ಪತ್ರವನ್ನು ಜೊತೆಗಿಟ್ಟುಕೊಳ್ಳಬೇಕು. ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಅದನ್ನು ಹಾಕುತ್ತಾರೆ. ಹಾಕಿಸಿಕೊಂಡ ಹತ್ತು ದಿನಗಳ ಮೇಲೆ ಪತ್ರ ಸಲ್ಲುತ್ತದೆ, ಆಮೇಲೆ ಜೀವಮಾನವೆಲ್ಲ. ಆ ದೇಶಗಳಿಂದ ಪತ್ರವಿಲ್ಲದೆ ಹಿಂತಿರುಗಿದವರನ್ನು ನಮ್ಮ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೂ ಪ್ರತ್ಯೇಕವಾಗಿ ಇರಿಸಬಹುದು. ಟಿಕೆಟ್ಟು ಕೊಳ್ಳುವ ಮುನ್ನವೇ ವಿಮಾನ ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ನೋಡಿಕೊಳ್ಳಿ.